ಅಪ್ಪನ ಹೆಸರು ಕರೆಯುವವರು

ನಮ್ಮ ಮನೆಯಲ್ಲಿ ಅಪ್ಪನಿಗೆ ಹೆಸರಿರಲಿಲ್ಲ. ಹೆತ್ತವರು ಇಡಲಿಲ್ಲ ಎಂದಲ್ಲ. ಅವನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಧಾರವಾಡದ ಮುದುಕಿ, ಹರಕೆ ಹೊತ್ತು ಪಡೆದ ಮಗನಿಗೆ ಮಲ್ಲಿಕಾರ್ಜುನ ಎಂದು ದೇವರ ಹೆಸರನ್ನೇ ಇಟ್ಟಿದ್ದಳು. ಆದರೆ ಕಡಲಾಚೆ, ಸ್ಟ್ರೀಟ್ಸ್‌ವಿಲ್ ಎಂಬ ಹಿಮದ ಊರಿನ ನಮ್ಮ ಬಾಡಿಗೆಯ ಬೇಸ್‌ಮೆಂಟಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಇರಲಿಲ್ಲ. ನನಗೆ ಅವನು ಅಪ್ಪ. ಅವ್ವನಿಗೆ ಎದುರಿಗಿದ್ದರೆ ‘ರೀ’, ಇಲ್ಲದಿದ್ದರೆ ‘ಇವರು’, ಮಂದಿಯ ಮುಂದೆ ‘ನಮ್ಮ ಮನಿಯವರು’, ಸಿಟ್ಟು ಬಂದ ದಿನ ‘ನಿಮ್ಮಪ್ಪ’. ಅವ್ವನ ಗತಿಯೂ ಹೆಚ್ಚುಕಡಿಮೆ ಅದೇ. ಶಾರದಾ ಎಂಬ ಚೆಂದದ ಹೆಸರಿದ್ದವಳು ಅಪ್ಪನ ಬಾಯಲ್ಲಿ ‘ಇಕಿ’ ಆಗಿದ್ದಳು, ಮೇಲಿನ ಮನೆಯವರ ಬಾಯಲ್ಲಿ ‘ರೇಣುಕನ ಅಮ್ಮ’. ಮೂವರಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಅದೂ ಶಾಲೆಯ ಮೆಟ್ಟಿಲು ಹತ್ತಿದ ಕೂಡಲೇ ಬಾಲ ಕಳೆದುಕೊಂಡು ‘ರೆನಿ’ ಆಗಿಬಿಡುತ್ತಿತ್ತು.

ಆ ಬೇಸ್‌ಮೆಂಟಿಗೆ ಮನೆಯ ಪಕ್ಕದಿಂದ ಒಂದು ಬಾಗಿಲು, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಕಿರಿದಾದ ಮೆಟ್ಟಿಲು. ಕೆಳಗೆ ಒಂದು ಮಲಗುವ ಕೋಣೆ, ಅಡುಗೆಮನೆಯೂ ನಾನೇ ಹಾಲೂ ನಾನೇ ಎನ್ನುವ ಇನ್ನೊಂದು ಉದ್ದನೆಯ ಕೋಣೆ, ಮೂಲೆಯಲ್ಲಿ ಮನೆ ಬೆಚ್ಚಗಿಡಲು ಸದಾ ಗುರ್ ಎನ್ನುತ್ತಿದ್ದ ಫರ್ನೇಸು. ಇದ್ದ ಒಂದೇ ಕಿಟಕಿ ಛಾವಣಿಗೆ ಅಂಟಿಕೊಂಡಂತಿತ್ತು, ಹೊರಗೆ ಹೋಗಿ ನೋಡಿದರೆ ಅದು ನೆಲದ ಮಟ್ಟದಲ್ಲಿತ್ತು. ಹಾಗಾಗಿ ನಮಗೆ ಮಂದಿಯ ಮುಖ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿದ್ದವು. ಅಂಚೆಯವನ ಕಪ್ಪು ಬೂಟು, ಪಕ್ಕದ ಮನೆಯ ಮುದುಕ ಎಳೆದುಕೊಂಡು ಹೋಗುತ್ತಿದ್ದ ಚಪ್ಪಲಿ, ಅವನ ನಾಯಿಯ ನಾಲ್ಕು ಪಾದ. ಇವರ್ಯಾರ ಹೆಸರೂ ನಮಗೆ ಗೊತ್ತಿರಲಿಲ್ಲ, ಅವರಿಗೂ ನಮ್ಮದು ಗೊತ್ತಿರಲಿಲ್ಲ. ಅಪ್ಪನ ಬೂಟಿನ ಮುಂಭಾಗಕ್ಕೆ ಒಳಗಡೆ ಕಬ್ಬಿಣದ ಟೊಪ್ಪಿಗೆ ಇರುತ್ತಿತ್ತು. ಅವನು ಕೆಲಸಕ್ಕಿದ್ದ ವುಡ್‌ಬ್ರಿಡ್ಜ್‌ನ ವೇರ್‌ಹೌಸಿನಲ್ಲಿ ಅದಿಲ್ಲದೆ ಒಳಗೇ ಬಿಡುತ್ತಿರಲಿಲ್ಲ. ಆ ಭಾರದ ಬೂಟು ಮೆಟ್ಟಿಲಿಳಿಯುವ ದನಿ ಕೇಳಿದ ಮೇಲೆಯೇ ಅವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಅಲ್ಲಿಯವರೆಗೆ ಅವಳ ಕಿವಿ ಬಾಗಿಲಲ್ಲಿಯೇ ಇರುತ್ತಿತ್ತು.

ಜೋಳದ ರೊಟ್ಟಿಗೂ ಆ ದೇಶದ ಛಾವಣಿಗೂ ಹುಟ್ಟಾ ಹಗೆ. ಹಂಚು ಕಾದು ಹಿಟ್ಟು ಸ್ವಲ್ಪ ಸೀದರೆ ಸಾಕು, ಮೇಲಿದ್ದ ಸ್ಮೋಕ್ ಅಲಾರ್ಮು ಬಡಕೊಳ್ಳಲು ಶುರು. ಅದರ ಕೆಳಗೆ ಕುರ್ಚಿ ಹಾಕಿ ನಿಂತು ಟವೆಲು ಬೀಸುವುದು ನನ್ನ ಕೆಲಸ. ಅಲಾರ್ಮು ಕೂಗಿದ ಹಿಂದೆಯೇ ಮೇಲಿನಿಂದ ಶಕುಂತಲಕ್ಕನ ದನಿ ಕೇಳುತ್ತಿತ್ತು. ಆಕೆ ನಮ್ಮ ಮನೆಯ ಮಾಲೀಕಳು, ಉಡುಪಿ ಕಡೆಯವಳು, ಗಂಡನೊಡನೆ ತುಳುವಿನಲ್ಲಿ ಜಗಳವಾಡಿ ನಮ್ಮೊಡನೆ ಕನ್ನಡದಲ್ಲಿ ನಗುತ್ತಿದ್ದವಳು.

“ಎಂತ ರೇಣುಕನ ಅಮ್ಮ, ಮನೆ ಉಂಟಾ, ಸುಟ್ಟುಹೋಯ್ತಾ?”

“ಐತ್ರಿ ಅಕ್ಕಾರ. ರೊಟ್ಟಿ ತಿನ್ನಾಕ ಬರ್ರಿ.”

ಆಕೆ ನಿಜವಾಗಿಯೂ ಇಳಿದು ಬರುತ್ತಿದ್ದಳು. ಮೇಲಿನ ಮೀನುಸಾರಿನ ವಾಸನೆ ಪೈಪುಗಳಲ್ಲಿ ಕೆಳಗಿಳಿಯುತ್ತಿತ್ತು, ನಮ್ಮ ಒಗ್ಗರಣೆಯ ಬೆಳ್ಳುಳ್ಳಿ ಅದೇ ದಾರಿಯಲ್ಲಿ ಮೇಲೇರುತ್ತಿತ್ತು. ಮೊದಮೊದಲು ಅವ್ವ ಮೂಗು ಮುಚ್ಚಿಕೊಂಡು ಊದುಬತ್ತಿ ಹಚ್ಚುತ್ತಿದ್ದಳು. ಆಮೇಲೆ ಅದೂ ಬಿಟ್ಟುಹೋಯಿತು. ಶಕುಂತಲಕ್ಕ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ತನ್ನ ಗಂಡನನ್ನು “ಓಯ್ ವಿಶ್ವನಾಥ” ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಆ ಕೂಗು ಕೇಳಿದಾಗಲೆಲ್ಲ ಅವ್ವ ತಾನೇ ಏನೋ ತಪ್ಪು ಮಾಡಿದವಳಂತೆ ಗಲ್ಲ ಬಡಿದುಕೊಳ್ಳುತ್ತಿದ್ದಳು.

ಅಪ್ಪನ ಹೆಸರು ನಮ್ಮ ಮನೆಯೊಳಗೆ ಬರುತ್ತಿದ್ದುದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಫೋನಿನಲ್ಲಿ. ಧಾರವಾಡಕ್ಕೆ ಹಚ್ಚಿದರೆ ಮೊದಲು ಬರೀ ಗೊರಗೊರ, ಆಮೇಲೆ ಹೊಳೆಯ ಆಚೆ ದಡದಿಂದ ಕೂಗಿದಂತೆ ಆಯಿಯ ದನಿ. ಅವಳು ‘ಹಲೋ’ ಎಂದವಳಲ್ಲ.

“ಮಲ್ಲಿಕಾರ್ಜುನಾ...”

“ಓ,” ಎನ್ನುತ್ತಿದ್ದ ಅಪ್ಪ.

ಅವಳು ಇನ್ನೊಮ್ಮೆ ಕರೆಯುತ್ತಿದ್ದಳು, ಅವನು ಇನ್ನೊಮ್ಮೆ ಓಗೊಡುತ್ತಿದ್ದ. ಅದಾದ ಮೇಲೆಯೇ ಮಳೆ, ಮೊಣಕಾಲು, ಓಣಿಯ ಸುದ್ದಿ. ಆಯಿ ಆ ಹೆಸರನ್ನು ಎಂದೂ ಮಲ್ಲು ಎಂದೋ ಮಲ್ಲ್ಯಾ ಎಂದೋ ಮೊಟಕುಗೊಳಿಸಲಿಲ್ಲ. ದೇವರ ಹೆಸರನ್ನು ಅರ್ಧಕ್ಕೆ ಮುರಿಯಬಾರದು ಎಂಬುದು ಅವಳ ಹಟ. ನಾನೀಗ ಪಿಕರಿಂಗ್‌ನ ಒಂದು ಶಾಲೆಯಲ್ಲಿ ಮೇಷ್ಟ್ರಮ್ಮ. ಬೆಳಿಗ್ಗೆ ಹಾಜರಿ ಕರೆಯುವಾಗ ಎಂಥ ಉದ್ದದ, ಎಂಥ ತೊಡಕಿನ ಹೆಸರಿದ್ದರೂ ಪೂರ್ತಿ ಕರೆಯುತ್ತೇನೆ, ನಾಲಗೆ ತೊಡರಿದರೆ ಆ ಮಗುವನ್ನೇ ಕೇಳಿ ತಿದ್ದಿಕೊಳ್ಳುತ್ತೇನೆ. ಜೊತೆಯವರು ಇದನ್ನು ನನ್ನ ಶಿಸ್ತು ಎಂದುಕೊಂಡಿದ್ದಾರೆ. ಅದು ಆಯಿ ಫೋನಿನಲ್ಲಿ ಕಲಿಸಿದ್ದು.

ಒಂದು ಸಂಜೆ ಅಪ್ಪ ಕೆಲಸದಿಂದ ಬಂದು ಅಂಗಿಗೆ ಸಿಕ್ಕಿಸಿದ್ದ ಹೊಸ ಹೆಸರಪಟ್ಟಿಯನ್ನು ನಗುತ್ತಾ ತೋರಿಸಿದ. ಅದರ ಮೇಲೆ ‘ಮೈಕ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿ ಹೇಳಿದೆ. ಅವ್ವ ತಟ್ಟೆಗೆ ಪಲ್ಯ ಬಡಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

“ಯಾರಿವಾ ಮೈಕು?”

“ನಾನ. ಅವರಿಗೆ ನನ್ನ ಹೆಸರ ಬಾಯಾಗ ಹೊಳ್ಳೂದಿಲ್ಲಂತ.”

“ನಿಮ್ಮವ್ವ ಇಟ್ಟ ಹೆಸರರೀ ಅದು. ಹೊಳ್ಳಲಿಲ್ಲಂದ್ರ ಹೊಳ್ಳಿಸಿಕೋರಿ ಅನಬೇಕಿಲ್ಲೋ?”

“ನಿನಗ ಹೊಳ್ಳತೈತಲ್ಲ, ನೀ ಅರೆ ಒಂದ್ಸಲ ಅಂತೀಯೇನು?”

ಅಪ್ಪ ಚೇಷ್ಟೆಗೆ ಹೇಳಿದ್ದ. ಆದರೆ ಅವ್ವನಿಗೆ ಅದು ಚೇಷ್ಟೆ ಎನಿಸಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವಂತಿಲ್ಲ, ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿಕೆ. ಅವ್ವ ಹತ್ತನೆಯ ಇಯತ್ತೆ ಓದಿದವಳು, ಪೇಪರು ಓದುತ್ತಿದ್ದವಳು, ಇಂಥದ್ದನ್ನು ನಂಬುತ್ತೀಯಾ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಿದ್ದಳು. ಆದರೂ ದಿನಾ ಹಿಮ ಹೆಪ್ಪುಗಟ್ಟಿದ ಬರ್ಫಿನ ಹೆದ್ದಾರಿಯಲ್ಲಿ ಗಾಡಿ ಹೊಡೆದುಕೊಂಡು ಹೋಗುವ ಮನುಷ್ಯನ ಆಯುಷ್ಯದ ಜೊತೆ ಪರೀಕ್ಷೆ ಮಾಡುವ ಧೈರ್ಯ ಅವಳಿಗಿರಲಿಲ್ಲ. ಅಂದು ಅಪ್ಪನ ತಟ್ಟೆಗೆ ಮತ್ತೆ ಪಲ್ಯ ಬೀಳಲಿಲ್ಲ, ಅವನೂ ಕೇಳಲಿಲ್ಲ.

ಅವ್ವನನ್ನು ಇಂಗ್ಲಿಷ್ ಕ್ಲಾಸಿಗೆ ಸೇರಿಸಿದವಳು ಶಕುಂತಲಕ್ಕ. ತನ್ನ ಡೇಕೇರಿನಲ್ಲಿ ಇನ್ನೊಬ್ಬಳು ಬೇಕಾಗಿದ್ದಾಳೆ, ಮಕ್ಕಳನ್ನು ನೋಡಿಕೊಳ್ಳುವ ಕೋರ್ಸಿಗೆ ಸೇರಿದರೆ ಕೆಲಸ ಸಿಕ್ಕಂತೆಯೇ, ಆದರೆ ಆ ಕೋರ್ಸಿಗೆ ಇಂಗ್ಲಿಷಿನಲ್ಲಿ ಇಷ್ಟು ಮಟ್ಟ ಎಂದು ಪಾಸಾಗಿರಬೇಕು ಎಂದಳು. ಅವ್ವನ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಈ ಕಿಟಕಿಯಿಂದ ಬರೀ ಕಾಲು ನೋಡಿ ಅವಳಿಗೆ ಸಾಕಾಗಿತ್ತು. ಕ್ಲಾಸು ಶನಿವಾರ ಬೆಳಿಗ್ಗೆ, ಕ್ವೀನ್ ಸ್ಟ್ರೀಟಿನ ಹಿಂದಿದ್ದ ಒಂದು ಹಾಲಿನಲ್ಲಿ. ತಾಯಂದಿರು ಮುಂದೆ ಬೆಂಚಿನ ಮೇಲೆ, ಮಕ್ಕಳು ಹಿಂದೆ ಬಣ್ಣದ ಪೆನ್ಸಿಲು ಹಿಡಿದು ಒಂದು ಮೇಜಿಗೆ. ಕಲಿಸುತ್ತಿದ್ದವಳು ಡೊರೀನ್ ಮೇಡಂ, ಬೆಳ್ಳಗಿನ ತಲೆಯ, ಕೊರಳಿಗೆ ಕನ್ನಡಕ ತೂಗಿಸಿಕೊಂಡ ಉದ್ದನೆಯ ಹೆಂಗಸು. ಮೊದಲ ದಿನ ಹಾಜರಿ ಹಿಡಿದು ಆಕೆ “ಶಾರದಾ” ಎಂದಳು. ಈ ದೇಶಕ್ಕೆ ಬಂದ ಮೇಲೆ ಅವ್ವನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು. ಉಳಿದವರೆಲ್ಲ ‘ಪ್ರೆಸೆಂಟ್’ ಎನ್ನುತ್ತಿದ್ದರೆ ಅವ್ವ ಎದ್ದು ನಿಂತು “ಓ” ಎಂದುಬಿಟ್ಟಳು. ಮೇಡಂ ಕನ್ನಡಕ ಏರಿಸಿಕೊಂಡು ಹಾಗೆಂದರೆ ಏನು ಎಂದು ಪ್ರೀತಿಯಿಂದಲೇ ಕೇಳಿದಳು. ಹೇಳಲು ಅವ್ವನ ಬಳಿ ಅಷ್ಟು ಇಂಗ್ಲಿಷು ಇರಲಿಲ್ಲ. ಸುಮ್ಮನೆ ನಕ್ಕು ಕುಳಿತಳು.

ನಾಮಪದಗಳ ಪಾಠ ಬಂದ ವಾರ ನಮ್ಮ ಮನೆಯಲ್ಲಿ ಹಬ್ಬ. ಮೇಡಂ ಬೋರ್ಡಿನ ಮೇಲೆ ಎರಡು ಭಾಗ ಮಾಡಿ, ಒಂದು ಕಡೆ ಎಲ್ಲಕ್ಕೂ ಹೊಂದುವ ಹೆಸರು, ಇನ್ನೊಂದು ಕಡೆ ಒಂದಕ್ಕೇ ಹೊಂದುವ ಹೆಸರು ಬರೆಸಿದ್ದಳು. ಕಾಮನ್ ನೌನು, ಪ್ರಾಪರ್ ನೌನು. ಮೊದಲನೆಯದಕ್ಕೆ ಸಣ್ಣಕ್ಷರ, ಎರಡನೆಯದಕ್ಕೆ ದೊಡ್ಡಕ್ಷರ. ನನಗೂ ಶಾಲೆಯಲ್ಲಿ ಅದೇ ಪಾಠ ಆಗಿದ್ದರಿಂದ ಮನೆಗೆ ಬಂದು ನಾನೇ ಮೇಡಂ ಆದೆ. ಅವ್ವ ಮೆಂತೆಸೊಪ್ಪು ಬಿಡಿಸುತ್ತಾ ಒಂದೊಂದೇ ಹೇಳುತ್ತಿದ್ದಳು. ಹೊಳೆ ಸಣ್ಣದು, ನಮ್ಮ ಊರ ಬಗಲಲ್ಲಿ ಹರಿಯುವ ಕ್ರೆಡಿಟ್ ಹೊಳೆ ದೊಡ್ಡದು. ಊರು ಸಣ್ಣದು, ಧಾರವಾಡ ದೊಡ್ಡದು. ಇಷ್ಟರವರೆಗೆ ಸುಸೂತ್ರ. ಆಮೇಲೆ ವಾರ, ತಿಂಗಳು, ಋತುಗಳು ಬಂದವು.

“ಅರ್ಧ ವರ್ಷ ನಮ್ಮ ಎದಿ ಮ್ಯಾಲ ಕುಂದ್ರೂ ಚಳಿಗಾಲಕ್ಕ ಸಣ್ಣಕ್ಷರ. ಬೆಳಗಾದ್ರ ಎದ್ದ ಹೋಗೂ ಸೋಮವಾರಕ್ಕ ದೊಡ್ಡಕ್ಷರ. ಇದ್ಯಾವ ನ್ಯಾಯವಾ?”

“ರೂಲು ಅವ್ವಾ.”

“ಮತ್ತ ‘ನಾನು’ ಅನ್ನೂದು ಯಾವಾಗಲೂ ದೊಡ್ಡದಂತ, ‘ನೀನು’ ಯಾವಾಗಲೂ ಸಣ್ಣದಂತ. ರೀ, ನಿಮ್ಮ ಸೂಪರ್‌ವೈಜರ್ ಬರದಿರಬೇಕ ನೋಡ್ರಿ ಈ ವ್ಯಾಕರಣ.”

ಬೂಟು ಬಿಚ್ಚುತ್ತಿದ್ದ ಅಪ್ಪ ಗೋಡೆಗೆ ಒರಗಿ ನಕ್ಕ. ನಮ್ಮ ಅಕ್ಷರಮಾಲೆಯಲ್ಲಿ ದೇವರಿಗೂ ನಾಯಿಗೂ ಒಂದೇ ಅಳತೆಯ ಅಕ್ಷರ, ಅದೇ ಸರಿ ಎಂಬುದು ಅವ್ವನ ವಾದ. ಅಷ್ಟೇ ಅಲ್ಲ, ಇಂಗ್ಲಿಷಿನವರಲ್ಲಿ ಎರಡೇ ಬಗೆ, ನಮ್ಮಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಎಂದು ಅವಳು ಹೈಸ್ಕೂಲಿನ ಪಾಠವನ್ನು ಪಟಪಟ ಒಪ್ಪಿಸಿದಳು. ರೂಢಿಯಿಂದ ಬಂದದ್ದು, ಗುರುತಿಗೆಂದು ಇಟ್ಟದ್ದು, ಗುಣ ನೋಡಿ ಅಂದದ್ದು. ನಾನು ಶಾಲೆಯಲ್ಲಿ ಕಲಿತ ಒಂದು ಸೂಕ್ಷ್ಮ ಹೇಳಿದೆ. ‘ನನ್ನ ಅಪ್ಪ’ ಎಂದು ಬರೆದರೆ ಅಪ್ಪನಿಗೆ ಸಣ್ಣಕ್ಷರ, ‘ಅಪ್ಪಾ ಬಾ’ ಎಂದು ನೇರ ಕರೆದರೆ ದೊಡ್ಡಕ್ಷರ. ಅವ್ವ ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಕೆಳಗಿಟ್ಟಳು.

“ಹಂಗಾರ ಕರದ್ರನ ಮನಷ್ಯಾ ದೊಡ್ಡಾಂವ ಆಗ್ತಾನ ಅಂದಂಗಾತು,” ಎಂದಳು.

ಆ ಚಳಿಗಾಲದಲ್ಲಿಯೇ ಆಯಿ ಹೋದಳು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿಯಾಗಿತ್ತು. ಅಪ್ಪ ಅಳಲಿಲ್ಲ, ಮರುದಿನ ಕೆಲಸಕ್ಕೆ ಹೋದ, ಅದರ ಮರುದಿನವೂ ಹೋದ. ಅವ್ವ ಅವನಿಗೆ ಇಷ್ಟವಾದ ಜುಣಕ, ಪುಂಡಿಪಲ್ಯ, ಶೇಂಗಾದ ಹಿಂಡಿ ಎಲ್ಲ ಮಾಡಿ ಮುಂದಿಟ್ಟಳು. ಅವನು ತಿಂದ, ಏನು ತಿಂದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಂದಿನಂತೆ ಫೋನಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಫೋನು ಹಚ್ಚಬೇಕಾದ ಕಡೆ ಈಗ ಯಾರೂ ಇರಲಿಲ್ಲ. ಅವ್ವ ಚಹಾ ತಂದು ಅವನ ಕೈಗೆ ಕೊಟ್ಟಳು.

“ಈ ಊರಾಗ ನಾ ಮೈಕು,” ಎಂದ ಅಪ್ಪ, ಚಹಾದ ಕಪ್ಪನ್ನೇ ನೋಡುತ್ತಾ. “ಮನಿಯಾಗ ‘ರೀ’. ನನ್ನ ಹೆಸರ ಹಿಡದ ಕರಿಯಾಕಿ ಆಕಿ ಒಬ್ಬಾಕಿನ ಇದ್ದಳು. ಇನ್ನ ಅದು ಮುಗೀತು.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಅದಕ್ಕೇ ಅವ್ವನಿಗೆ ಜೋರಾಗಿ ತಾಗಿತು. ಅವಳು ಒಲೆಯ ಕಡೆ ತಿರುಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಆಯಿಗಾಗಿ ಅಲ್ಲ, ಕುರ್ಚಿಯಲ್ಲಿ ಕುಳಿತಿದ್ದ ಆ ದೊಡ್ಡ ಮನುಷ್ಯ ಯಾರೋ ಕೈಬಿಟ್ಟು ಹೋದ ಹುಡುಗನಂತೆ ಕಂಡದ್ದಕ್ಕೆ.

ಇಂಗ್ಲಿಷ್ ಕ್ಲಾಸಿನಲ್ಲಿ ಮುಂದಿನ ಮಟ್ಟಕ್ಕೆ ಏರಬೇಕಾದರೆ ಎಲ್ಲರ ಮುಂದೆ ನಿಂತು ಮನೆಯ ಒಬ್ಬರನ್ನು ಪರಿಚಯಿಸಿ ಮಾತನಾಡಬೇಕಾಗಿತ್ತು. ಯಾರ ಬಗ್ಗೆ ಎಂಬುದಕ್ಕೆ ಮೇಡಂ ಒಂದು ಟೊಪ್ಪಿಗೆಯೊಳಗೆ ಚೀಟಿ ಹಾಕಿ ಎತ್ತಿಸಿದಳು. ಅವ್ವನಿಗೆ ಬಂದದ್ದು ‘ಗಂಡ’. ಮೊದಲ ಸಲ ಎದ್ದು ನಿಂತಾಗ ಅವಳು ಚೆನ್ನಾಗಿಯೇ ಶುರು ಮಾಡಿದಳು. ಮೈ ಹಸ್ಬೆಂಡ್ ಎತ್ತರ ಇದ್ದಾರೆ, ಮೈ ಹಸ್ಬೆಂಡ್ ವೇರ್‌ಹೌಸಿನಲ್ಲಿ ಕೆಲಸ ಮಾಡುತ್ತಾರೆ, ಮೈ ಹಸ್ಬೆಂಡ್‌ಗೆ ಬಿಸಿ ರೊಟ್ಟಿ ಇಷ್ಟ. ನಾನು ಹಿಂದಿನ ಮೇಜಿನಲ್ಲಿ ಅವಳ ಜೊತೆ ಜೊತೆಗೇ ತುಟಿ ಆಡಿಸುತ್ತಿದ್ದೆ.

“ವೆರಿ ಗುಡ್, ಶಾರದಾ. ಅಂಡ್ ವಾಟ್ ಈಸ್ ಹಿಸ್ ನೇಮ್?”

ಅವ್ವ ಬೋರ್ಡಿನ ಬಳಿ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಅಪ್ಪನ ಹೆಸರನ್ನು ದುಂಡಗೆ ಬರೆದಳು. ಮೊದಲ ಅಕ್ಷರ ದೊಡ್ಡದು, ಒಂದು ತಪ್ಪೂ ಇಲ್ಲ. ಮೇಡಂ ಮೆಚ್ಚಿದಳು, ಆದರೆ ಇದು ಮಾತಿನ ಪರೀಕ್ಷೆ, ಹೇಳಬೇಕು ಎಂದಳು. ಅವ್ವ ತಲೆಯಾಡಿಸಿ ಕೆಳಗೆ ಕುಳಿತಳು. ಅವಳ ಕಿವಿ ಕೆಂಪಾಗಿದ್ದವು. ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಬಂದು, ಕಷ್ಟವಾದರೆ ಚೀಟಿ ಬದಲಿಸಬಹುದು, ಮುಂದಿನ ಶನಿವಾರ ಮಗಳ ಬಗ್ಗೆ ಮಾತಾಡು ಎಂದು ನನ್ನ ತಲೆ ಸವರಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ‘ನೋ, ಥ್ಯಾಂಕ್ಯು’ ಎಂದಳು. ಮನೆಗೆ ನಡೆಯುವ ದಾರಿಯಲ್ಲಿ ನಾನು ಯಾಕೆ ಎಂದು ಕೇಳಿದೆ.

“ಚೀಟಿ ಅವರದ ಬಂದೈತಿ. ಅವರನ್ನ ಬಿಟ್ಟ ನಿನ್ನ ಬಗ್ಗೆ ಹೇಳಿದ್ರ ಅಲ್ಲೂ ಅವರ ಹೆಸರ ಯಾರೂ ಅನ್ನಲಿಲ್ಲ ಅಂದಂಗಾಗತೈತಿ.”

“ಹಂಗಾರ ಹೇಳಿಬಿಡವಾ.”

“ಅಂಜಿಕಿ ಬರತೈತಿ ತಂಗೀ,” ಎಂದಳು ಅವ್ವ.

ಆ ಮಧ್ಯಾಹ್ನ ಶಕುಂತಲಕ್ಕ ನೀರುದೋಸೆಯ ಡಬ್ಬಿ ಹಿಡಿದು ಕೆಳಗೆ ಬಂದವಳು ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. ಒಂದು ಹೆಸರಿಗೋಸ್ಕರ ಕೆಲಸ ಕಳೆದುಕೊಳ್ಳುವುದಾ, ಎಂತ ಮಾರಾಯ್ತಿ ನೀವು, ತನ್ನ ಗಂಡನನ್ನು ತಾನು ದಿನಾ ಕರೆಯುತ್ತೇನೆ, ಕಲ್ಲುಗುಂಡಿನ ಹಾಗೆ ಇದ್ದಾರೆ ಎಂದಳು. ಅವ್ವನಿಗೆ ನಗುವೂ ಬಂತು. ನಗು ಇಳಿದ ಮೇಲೆ ಅವಳು ಒಡಪಿನ ವಿಷಯ ಹೇಳಿದಳು. ನಮ್ಮ ಕಡೆ ಮದುವೆ, ಬಸುರಿಗೆ ಮಾಡುವ ಕುಬಸ, ಅರಿಶಿಣ-ಕುಂಕುಮ ಇದ್ದಾಗ ಹಿರಿಯ ಹೆಂಗಸೊಬ್ಬಳು ಬಾಗಿಲಿಗೆ ಅಡ್ಡ ನಿಂತು ‘ಹೆಸರ ಹೇಳು’ ಎನ್ನುತ್ತಾಳೆ. ಆಗ ಹೇಳಲೇಬೇಕು, ಹೇಳದೆ ಒಳಗೆ ಬಿಡುವುದಿಲ್ಲ. ಬರೀ ಹೆಸರಲ್ಲ, ಪ್ರಾಸ ಹೊಂದಿಸಿ ಸಾಲು ಕಟ್ಟಿ, ಅದರ ಕೊನೆಯಲ್ಲಿ ಗಂಡನ ಹೆಸರನ್ನು ಇಟ್ಟು ಹೇಳಬೇಕು. ಹಾಗೆ ಹೇಳಿದರೆ ಆಯುಷ್ಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

“ಮತ್ತೆಂತ, ಹಾಗೇ ಹೇಳಿ ಬಿಡಿ. ಯಾರು ಬೇಡ ಅಂದದ್ದು?”

“ತಾನ ಎದ್ದ ನಿಂತ ಹೇಳೂದಲ್ರೀ ಅಕ್ಕಾರ ಅದು. ಹಿರ್‍ಯಾರು ಕೇಳಬೇಕು. ನನ್ನ ಕೇಳಾಕಿ ನಮ್ಮತ್ತಿ. ಪ್ರತಿ ಸಲ ಆಕೀನ ಬಾಗಲಕ್ಕ ನಿಂದ್ರತಿದ್ಲು. ಈಗ ಯಾರ ಕೇಳವ್ರು?”

ಶಕುಂತಲಕ್ಕ ಡಬ್ಬಿಯ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ ಮುಂದಿನ ಶನಿವಾರ ಕ್ಲಾಸಿಗೆ ತಾನೇ ಕಾರಿನಲ್ಲಿ ಬಿಡುತ್ತೇನೆ, ಮನೆಯವರೂ ಬಂದು ಕುಳಿತುಕೊಳ್ಳಬಹುದಲ್ಲವಾ ಎಂದು ಕೇಳಿದಳು. ನಾನು ಹೌದು ಎಂದೆ. ಅಪ್ಪನನ್ನೂ ಕರೆದೆವು. ಅವನಿಗೆ ಶನಿವಾರ ಓವರ್‌ಟೈಮು ಇತ್ತು, ಆಗುವುದಿಲ್ಲ ಎಂದ. ಅವ್ವನಿಗೆ ಅದರಿಂದ ಸಮಾಧಾನವೇ ಆಯಿತು.

ಆ ವಾರವೆಲ್ಲ ಅವ್ವ ರೊಟ್ಟಿ ಬಡಿಯುವಾಗ ಏನನ್ನೋ ಗುನುಗುತ್ತಿದ್ದಳು. ಅಂಗೈ ಬೀಳುವ ತಾಳಕ್ಕೆ ಮಾತು ಕೂಡುತ್ತಿತ್ತು, ನಡುವೆ ಎಲ್ಲಿಯೋ ತಪ್ಪುತ್ತಿತ್ತು, ಅವಳು ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಮೊದಲಿನಿಂದ ಬಡಿಯಲು ಶುರು ಮಾಡುತ್ತಿದ್ದಳು. ನಾನು ಟವೆಲು ಬೀಸುತ್ತಾ ಕಿವಿಗೊಟ್ಟರೂ ಒಂದು ಮಾತೂ ಹಿಡಿಯಲಾಗಲಿಲ್ಲ. ರೊಟ್ಟಿಗಳು ಮಾತ್ರ ಎಂದಿಗಿಂತ ತೆಳ್ಳಗೆ, ದೊಡ್ಡದಾಗಿ ಬಂದವು. ಅಪ್ಪ ಒಂದು ದಿನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದರಾಗಿಂದ ಧಾರವಾಡ ಕಾಣತೈತಿ ಎಂದ. ಆಯಿ ಹೋದ ಮೇಲೆ ಅವನು ಆಡಿದ ಮೊದಲ ಹಾಸ್ಯದ ಮಾತು ಅದು.

ಶನಿವಾರ ಹಾಲಿನಲ್ಲಿ ಹೆಚ್ಚು ಜನ ಇದ್ದರು. ಗಂಡಂದಿರು, ಅತ್ತೆಯರು, ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸುಗಳು. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಬೂದು ಬಣ್ಣದ ಸ್ವೆಟರು ಹಾಕಿಕೊಂಡಿದ್ದಳು. ಶಕುಂತಲಕ್ಕ ನಡುವಿನ ಸಾಲಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆ ತನ್ನದೇ ಎನ್ನುವಂತೆ ಕುಳಿತಿದ್ದಳು. ಅವ್ವನ ಸರದಿ ಬಂತು. ಅವಳು ಎದ್ದು ಮುಂದೆ ಹೋಗಿ, ಹಿಂದಿನ ವಾರದ್ದನ್ನೆಲ್ಲ ಇನ್ನಷ್ಟು ಚೆನ್ನಾಗಿ ಹೇಳಿದಳು. ಈ ಸಲ ಹೊಸ ಮಾತುಗಳೂ ಇದ್ದವು. ಹಿಸ್ ಮದರ್ ಈಸ್ ನಾಟ್ ದೇರ್ ನೌ. ಹೀ ಈಸ್ ವೆರಿ ಸ್ಯಾಡ್. ಆ ಹೊತ್ತಿನಲ್ಲಿಯೇ ಹಿಂದೆ ಬಾಗಿಲು ತೆರೆದು ತಣ್ಣನೆಯ ಗಾಳಿ ನನ್ನ ಬೆನ್ನಿಗೆ ತಾಗಿತು. ತಿರುಗಿ ನೋಡಿದೆ. ಕೋಟುಗಳನ್ನು ತೂಗುಹಾಕಿದ್ದ ಕಡೆ ಅಪ್ಪ ನಿಂತಿದ್ದ. ಓವರ್‌ಟೈಮು ಬಿಟ್ಟು ಕೆಲಸದ ಬಟ್ಟೆಯಲ್ಲಿಯೇ ಬಂದಿದ್ದ, ಬೂಟಿಗೆ ಬರ್ಫು ಮೆತ್ತಿತ್ತು. ಕೋಟುಗಳ ಮರೆಯಲ್ಲಿ ಅವನು ಅವ್ವನಿಗೆ ಕಾಣುತ್ತಿರಲಿಲ್ಲ. ನಾನು ಏನೋ ಹೇಳಲು ಹೋದೆ, ಅವನು ಬೆರಳನ್ನು ತುಟಿಯ ಮೇಲಿಟ್ಟುಕೊಂಡ.

“ಅಂಡ್ ಹಿಸ್ ನೇಮ್, ಶಾರದಾ?” ಎಂದಳು ಮೇಡಂ, ಮೆಲ್ಲಗೆ.

ಅವ್ವನ ಕೈ ಸ್ವೆಟರಿನ ಗುಂಡಿಯನ್ನು ತಿರುಗಿಸುತ್ತಿತ್ತು. ಯಾರದೋ ಕೂಸು ಮುಲುಗಿತು. ಹೋದ ವಾರದಂತೆಯೇ ಅವಳ ಕಿವಿ ಕೆಂಪೇರತೊಡಗಿದವು, ಇನ್ನೇನು ಕುಳಿತುಬಿಡುತ್ತಾಳೆ ಎಂದುಕೊಂಡೆ. ಆಗ ನಡುವಿನ ಸಾಲಿನಿಂದ ಶಕುಂತಲಕ್ಕ ಎದ್ದಳು. ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಸಾಲು ದಾಟಿ ಹೋಗಿ, ಅವ್ವ ತನ್ನ ಜಾಗಕ್ಕೆ ಮರಳುವ ದಾರಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಳು.

“ಹೆಸರು ಹೇಳಿ, ಶಾರದಾ. ನಿಮಗಿಂತ ದೊಡ್ಡವಳು ನಾನು, ಕೇಳ್ತಾ ಇದ್ದೇನೆ. ಹೇಳದೆ ಇಲ್ಲಿಂದ ಬಿಡ್ಲಿಕ್ಕಿಲ್ಲ.”

ಹಾಲಿನಲ್ಲಿದ್ದ ಯಾರಿಗೂ ಏನೂ ತಿಳಿಯಲಿಲ್ಲ. ಡೊರೀನ್ ಮೇಡಂ ಪೆನ್ನು ಹಿಡಿದವಳು ಹಾಗೇ ನಿಂತಳು. ಅವ್ವ ಶಕುಂತಲಕ್ಕನ ಮುಖವನ್ನು ನೋಡಿದಳು, ಚಾಚಿದ್ದ ಕೈಗಳನ್ನು ನೋಡಿದಳು. ಅವಳ ಮುಖದಲ್ಲಿ ಅಂಜಿಕೆ ಇಳಿದು, ಮದುವೆಮನೆಯ ಬಾಗಿಲಲ್ಲಿ ಹುಡುಗಿಯರಿಗೆ ಬರುವಂಥ ನಾಚಿಕೆಯ ನಗು ಬಂತು. ಸ್ವೆಟರಿನೊಳಗಿಂದ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ನೆಲ ನೋಡುತ್ತಾ, ರೊಟ್ಟಿ ಬಡಿಯುವ ಅದೇ ತಾಳದಲ್ಲಿ ಹೇಳಿದಳು:

“ಬರ್ಫಿನ ಊರಾಗ ಬಾಡಿಗಿ ಮನಿ,
ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಹನಿ,
ಬಾಗಲದಾಗ ಬೂಟಿನ ದನಿ,
ಮಲ್ಲಿಕಾರ್ಜುನರ ಹೆಸರ ಹೇಳತೀನಿ.”

“ಓ,” ಎಂದ ಅಪ್ಪ.

ಬೇಕೆಂದು ಹೇಳಿದ್ದಲ್ಲ. ಎಷ್ಟೋ ಭಾನುವಾರಗಳ ರೂಢಿ ಅವನ ಬಾಯಿಂದ ತಾನೇ ಹೊರಗೆ ಬಂದಿತ್ತು. ಎಲ್ಲರೂ ಹಿಂದೆ ತಿರುಗಿದರು. ಅಪ್ಪ ಕೋಟುಗಳ ನಡುವಿನಿಂದ ಹೊರಬಂದು, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವನಿಗೆ ಹೊಳೆದಿರಲಿಲ್ಲ. ಅವ್ವ ಅವನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶಕುಂತಲಕ್ಕ ಚಾಚಿದ್ದ ಕೈಗಳನ್ನು ಇಳಿಸಿ, ದಾರಿ ಬಿಟ್ಟು, ತನ್ನ ಬ್ಯಾಗಿನಲ್ಲಿ ಕರ್ಚೀಫು ಹುಡುಕತೊಡಗಿದಳು. ಡೊರೀನ್ ಮೇಡಂ ಕಾಗದದ ಮೇಲೆ ಗುರುತು ಹಾಕಿ, ಶಾರದಾ, ನೀನು ಮುಂದಿನ ಮಟ್ಟಕ್ಕೆ ಹೋಗಬಹುದು ಎಂದಳು. ಆಮೇಲೆ ಕನ್ನಡಕವನ್ನು ಮೂಗಿನ ಮೇಲೇರಿಸಿಕೊಂಡು ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದಳು. ಅವ್ವನ ಕಡೆ ತಿರುಗಿ, ನೀನೂ ಮೊದಲ ದಿನ ಆ ‘ಓ’ ಎಂಬುದನ್ನೇ ಹೇಳಿದ್ದೆ, ಅವರು ಈಗ ಹೇಳಿದ್ದು ಏನು ಎಂದು ಕೇಳಿದಳು.

ಈ ಸಲ ಅವ್ವನ ಬಳಿ ಅದಕ್ಕೆ ಬೇಕಾದಷ್ಟು ಇಂಗ್ಲಿಷು ಇತ್ತು.

“ಹೀ ಸೇಸ್,” ಎಂದಳು ಅವ್ವ, “ಐ ಆಮ್ ಹಿಯರ್.”